ಕಾಲಿನಿಂದ ಕಲಕಿದ ನೀರು

(ಈ ಪ್ರಸಂಗವನ್ನು ಕೂಟಗಳಲ್ಲಿ ಓದಿಹೇಳುವವರು ಮೊದಲು ಯೆಹೆಜ್ಕೇಲ 34ನೆಯ ಅಧ್ಯಾಯದ 17ರಿಂದ 22ರ ವರೆಗಿನ ವಚನಗಳನ್ನು ನಿಧಾನವಾಗಿ ಓದಬೇಕು.)



ಯೆಹೆಜ್ಕೇಲ ಪ್ರವಾದಿಯು ಈ ಅಧ್ಯಾಯದ ಮೊದಲಿನ ಭಾಗದಲ್ಲಿ ಕುರಿಕಾಯುವವರನ್ನು ಗದರಿಸುತ್ತಾನೆ. ಆ ಭಾಗವನ್ನು ಕೇಳುವದು ಎಲ್ಲರಿಗೂ ಇಷ್ಟ. ಯಾಕಂದರೆ ಅಲ್ಲಿ ಕುರಿಕಾಯುವವರೆಂದರೆ ಅರಸರು, ಅಧಿಕಾರಿಗಳು, ದೊಡ್ಡವರು. ಅವರಿಗೆ ಬೀಳುವ ಪೆಟ್ಟು ನಮ್ಮ ಮೈಗೆ ತಗಲುವದಿಲ್ಲ. ಆದರೆ 17ನೆಯ ವಚನದಲ್ಲಿ ಮಾತು ಥಟ್ಟನೆ ತಿರುಗುತ್ತದೆ. ದೇವರು ಕಾಯುವವರನ್ನು ಬಿಟ್ಟು ಕುರಿಗಳ ಕಡೆಗೇ ಮುಖಮಾಡಿ, ಕುರಿಗೂ ಕುರಿಗೂ ನಡುವೆ ನ್ಯಾಯವಿಚಾರಣೆ ಮಾಡುವೆನೆಂದು ತಿಳಿಸುತ್ತಾನೆ. ಅಪರಾಧ ಯಾವದು? ಕೊಬ್ಬಿದ ಕುರಿಯು ತಿಳಿನೀರನ್ನು ಸಾಕಾಗುವಷ್ಟು ಕುಡಿಯಿತು. ಕುಡಿದದ್ದು ತಪ್ಪಲ್ಲ. ಕುಡಿದ ಮೇಲೆ ಅದೇ ನೀರಿನಲ್ಲಿ ಇಳಿದು ಕಾಲಿನಿಂದ ಕಲಕಿತು; ಹಿಂದೆ ನಿಂತ ಬಡಕಲು ಕುರಿಯು ಆ ರಾಡಿಯನ್ನೇ ಕುಡಿಯಬೇಕಾಯಿತು. ಇದೇ ಅಪರಾಧ. ಒಂದು ಕುರಿಯ ಕೊಬ್ಬೂ ಇನ್ನೊಂದರ ಬಡತನವೂ ನೀರು ಕೆಟ್ಟದ್ದೂ ಮೂರು ಬೇರೆ ಬೇರೆ ಸಂಗತಿಗಳೆಂದು ಪ್ರವಾದಿಯು ಎಣಿಸಲಿಲ್ಲ. ಒಂದೇ ವಾಕ್ಯದೊಳಗೆ ಮೂರನ್ನೂ ಕಟ್ಟಿ ಹೇಳಿದನು.

ನಮ್ಮ ರಾಯಚೂರು ಸೀಮೆಯವರಿಗೆ ಈ ವಚನಗಳನ್ನು ಬಿಡಿಸಿಹೇಳುವದಕ್ಕೆ ದೊಡ್ಡ ವ್ಯಾಖ್ಯಾನಗಳು ಬೇಕಾಗಿಲ್ಲ. ಕಾಲುವೆಯ ದಂಡೆಯ ಮೇಲೆ ನಿಂತರೆ ಸಾಕು.

ನಮ್ಮ ಅಜ್ಜಂದಿರ ಕಾಲದಲ್ಲಿ ಇದು ಮಳೆಯನ್ನೇ ನಂಬಿದ ಎರೆಭೂಮಿಯ ನಾಡು. ಬಿಳಿಜೋಳ, ಸಜ್ಜೆ, ತೊಗರಿ, ಹತ್ತಿ. ಮಳೆ ಬಂದರೆ ಬೆಳೆ, ಬಾರದಿದ್ದರೆ ಬರ. 1876ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ ಈ ಸೀಮೆಯೂ ಬಳ್ಳಾರಿಯ ಸೀಮೆಯೂ ಎಷ್ಟು ಜನರನ್ನು ಕಳಕೊಂಡವೆಂಬದನ್ನು ಹಿರಿಯರು ಮಕ್ಕಳಿಗೆ ಹೇಳುತ್ತಾ ಬಂದರು. ಈ ಪ್ರಾಂತ್ಯವು ನಿಜಾಮರ ಕೈಯಲ್ಲಿದ್ದಾಗಲೇ, 1945ನೆಯ ಫೆಬ್ರವರಿ 28ರಂದು, ತುಂಗಭದ್ರೆಯ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಎಡದಂಡೆಯ ಕಾಲುವೆಯು ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿಗಳನ್ನು ಹಾದು ಸಿಂಧನೂರಿನ ಸೀಮೆಗೆ ಬಂದು, ಮುಂದೆ ಮಾನ್ವಿ, ಸಿರವಾರ, ರಾಯಚೂರಿನ ಕಡೆಗೆ 200 ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತದೆ. ಒಣನೆಲದಲ್ಲಿ ನೀರು ಬಂದದ್ದು ದೇವರ ಉಪಕಾರವೇ. ಇದನ್ನು ಅಲ್ಲಗಳೆಯುವವನು ಕೃತಜ್ಞತೆ ಇಲ್ಲದವನು.

ಆದರೆ ನೀರು ಹರಿಯುವಲ್ಲಿ ಮೊದಲು ಕುಡಿಯುವವನೂ ಕಡೆಗೆ ಕುಡಿಯುವವನೂ ಇದ್ದೇ ಇರುವರು. ಯೋಜನೆ ಮಾಡಿದವರು ಈ ಕಾಲುವೆಯ ನೀರನ್ನು ಬಹುಮಟ್ಟಿಗೆ ಜೋಳ, ಹತ್ತಿ, ಶೇಂಗಾ ಮುಂತಾದ ಅಲ್ಪ ನೀರಿನ ಬೆಳೆಗಳಿಗೆಂದು ಲೆಕ್ಕಹಾಕಿದ್ದರು. ಮೇಲುಗಡೆಯ ಭೂಮಿಯವರು ಭತ್ತ ಬೆಳೆದರು. ಒಂದು ಬೆಳೆಯ ಬದಲು ಎರಡು ಬೆಳೆದರು. ತೂಬಿನಿಂದ ಬಂದದ್ದು ಸಾಲದೆ ಕಾಲುವೆಗೆ ಯಂತ್ರಗಳನ್ನಿಟ್ಟು ಎತ್ತಿದವರೂ ಉಂಟು. ಲೆಕ್ಕ ತಪ್ಪಿತು. ಇದರ ಮೇಲೆ ಅಣೆಕಟ್ಟಿನಲ್ಲಿ ಹೂಳು ತುಂಬುತ್ತಾ ಬಂದು, ಮೊದಲು ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯವು ಈಗ ಸುಮಾರು 105 ಮಾತ್ರ ಹಿಡಿಯುತ್ತದೆ. ಪಾತ್ರೆ ಚಿಕ್ಕದಾಯಿತು, ಬಾಯಿಗಳು ಹೆಚ್ಚಿದವು. ಮಾನ್ವಿ ರಾಯಚೂರುಗಳ ಕಡೆಯ ತುದಿಯ ಹೊಲಗಳವರು ತಮ್ಮ ಪಾಲಿನ ನೀರಿಗಾಗಿ ರಸ್ತೆಯಲ್ಲಿ ಕೂತದ್ದನ್ನೂ, ಸರಕಾರದವರು ಕಾಲುವೆಯ ಉದ್ದಕ್ಕೂ ನಿಷೇಧಾಜ್ಞೆ ಹಾಕಿ ಪೋಲೀಸರನ್ನು ನಿಲ್ಲಿಸಿದ್ದನ್ನೂ ನಾವು ಅನೇಕ ವರ್ಷಗಳಲ್ಲಿ ಕಂಡಿದ್ದೇವೆ.

ಈಗ ಜವಳಗೇರಾವನ್ನು ನೋಡಿರಿ. ಇದು ಸಿಂಧನೂರಿನಿಂದ ಮಾನ್ವಿಗೆ ಹೋಗುವ ದಾರಿಯಲ್ಲಿದೆ. ಕಾಲುವೆಯ ಲೆಕ್ಕದಲ್ಲಿ ತಲೆಯೂ ಅಲ್ಲ, ಬಾಲವೂ ಅಲ್ಲ. ಜವಳಗೇರಾದ ಕಟ್ಟೆಯ ಮೇಲೆ ಕೂತ ರೈತನನ್ನು ಕೇಳಿದರೆ, ಗಂಗಾವತಿ ಕಾರಟಗಿಯವರು ನಮ್ಮ ನೀರನ್ನು ಕುಡಿದುಬಿಟ್ಟರು ಎನ್ನುವನು. ಮಾತು ಸುಳ್ಳಲ್ಲ. ಅದೇ ಹೊತ್ತಿಗೆ ಮಾನ್ವಿಯ ಕಡೆಯ ರೈತನನ್ನು ಕೇಳಿದರೆ, ಸಿಂಧನೂರಿನವರು ನಮ್ಮ ನೀರನ್ನು ಕುಡಿದುಬಿಟ್ಟರು ಎನ್ನುವನು. ಅದೂ ಸುಳ್ಳಲ್ಲ. ಪ್ರಿಯರೇ, ಕಾಲುವೆಯ ಮೇಲೆ ಎಲ್ಲರ ಕಣ್ಣೂ ಮೇಲುಗಡೆಗೆ. ಎಲ್ಲರ ಕಾಲೂ ಕೆಳಗಿನವನ ನೀರಿನಲ್ಲಿ. ಯೆಹೆಜ್ಕೇಲನ ವಚನವು ಮನುಷ್ಯನ ಕಣ್ಣನ್ನು ವಿಚಾರಿಸುವದಿಲ್ಲ, ಕಾಲನ್ನು ವಿಚಾರಿಸುತ್ತದೆ. ನಿನ್ನ ಮೇಲೆ ಯಾರು ಅನ್ಯಾಯ ಮಾಡಿದರೆಂದು ದೇವರು ಆಮೇಲೆ ಕೇಳುವನು. ನಿನ್ನ ಕೆಳಗೆ ಕುಡಿಯುವವನು ಯಾರೆಂದು ಮೊದಲು ಕೇಳುವನು.

ಇಲ್ಲಿ ನಮ್ಮ ಸಭೆಗಳಲ್ಲಿ ಕೆಲವರು, ಅಯ್ಯಾ, ನಮಗೆ ಹೊಲವೇ ಇಲ್ಲ, ನೆಲ್ಲು ಹಚ್ಚುವದಕ್ಕೂ ಕೊಯ್ಯುವದಕ್ಕೂ ಕೂಲಿಗೆ ಹೋಗುವವರು ನಾವು, ನಾವು ಯಾರ ನೀರನ್ನು ಕಲಕಿದೆವು ಎನ್ನಬಹುದು. ನ್ಯಾಯವಾದ ಪ್ರಶ್ನೆ. ಕೊಬ್ಬಿದ ಕುರಿಯ ತೀರ್ಪನ್ನು ಬಡಕಲು ಕುರಿಯ ತಲೆಗೆ ಕಟ್ಟುವ ಬೋಧಕನು ದೇವರ ವಾಕ್ಯವನ್ನು ತಿರುಚುವವನು. ಕೆಡುಕಿನಲ್ಲಿ ನಿಮ್ಮ ಪಾಲು ಚಿಕ್ಕದು, ಕಷ್ಟದಲ್ಲಿ ನಿಮ್ಮ ಪಾಲು ದೊಡ್ಡದು. ಹೇಗೆಂಬದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲನೆಯದಾಗಿ ನೆಲ. ಎರೆಮಣ್ಣು ನೀರನ್ನು ಬೇಗ ಕೆಳಗೆ ಇಳಿಯಗೊಡದು. ವರುಷವೆಲ್ಲಾ ಮಡಿಯಲ್ಲಿ ನೀರು ನಿಂತರೆ, ಕಾಲುವೆಯಿಂದಲೂ ನೀರು ಬಸಿದರೆ, ಒಳಗಿನ ನೀರಿನ ಮಟ್ಟ ಮೇಲಕ್ಕೆ ಏರುತ್ತದೆ. ಅದರೊಡನೆ ಮಣ್ಣಿನೊಳಗೆ ಮಲಗಿದ್ದ ಉಪ್ಪೂ ಏರುತ್ತದೆ. ಬಿಸಿಲು ನೀರನ್ನು ಹೀರಿಕೊಳ್ಳುತ್ತದೆ, ಉಪ್ಪನ್ನು ಮೇಲೆ ಬಿಟ್ಟುಹೋಗುತ್ತದೆ. ಹೊಲದ ಮೈ ಮೇಲೆ ಬೆಳ್ಳಗೆ ಹೊಟ್ಟು ಎದ್ದ ಹಾಗೆ ಕಾಣುವದು ಇದೇ. ರೈತರು ಇದನ್ನು ಸವಳು-ಜವಳು ಎನ್ನುವರು. (ಜವಳಗೇರಾ ಎಂಬ ಹೆಸರಿಗೂ ಈ ಮಾತಿಗೂ ಗಂಟುಹಾಕುವದು ನಮ್ಮ ಉದ್ದೇಶವಲ್ಲ.) ತುಂಗಭದ್ರೆಯ ಕಾಲುವೆಯ ಕೆಳಗೆ ಹತ್ತಾರು ಸಾವಿರ ಹೆಕ್ಟೇರು ನೆಲ ಹೀಗೆ ಕೆಟ್ಟಿದೆ. 107ನೆಯ ಕೀರ್ತನೆಯಲ್ಲಿ ಒಳ್ಳೆಯ ಭೂಮಿಯು ಅದರಲ್ಲಿ ವಾಸಿಸುವವರ ಕೆಟ್ಟತನದಿಂದ ಉಪ್ಪಿನ ನೆಲವಾಗುವ ಮಾತುಂಟು. ಇದನ್ನು ಓದಿ, ಯಾರ ಹೊಲದಲ್ಲಿ ಉಪ್ಪು ಎದ್ದಿದೆಯೋ ಅವನೇ ಪಾಪಿಯೆಂದು ತೀರ್ಮಾನಿಸುವವರು ಹೊಲದ ಇಳುಕಲನ್ನು ನೋಡಬೇಕು. ನೀರು ನಿಂತದ್ದು ಮೇಲಿನ ದೊಡ್ಡ ಮಡಿಯಲ್ಲಿ. ಉಪ್ಪು ಎದ್ದದ್ದು ಕೆಳಗಿನ ಬಡವನ ಎರಡು ಎಕರೆಯಲ್ಲಿ. ಅತಿಯಾಸೆ ಒಂದು ಹೊಲದಲ್ಲಿ, ಅದರ ಫಲ ಇನ್ನೊಂದು ಹೊಲದಲ್ಲಿ. ಆ ಎರಡು ಎಕರೆಯವನು ಕಡೆಗೆ ಹೊಲವನ್ನು ಬಿಟ್ಟು ಹೆಂಡತಿಮಕ್ಕಳೊಡನೆ ಬೆಂಗಳೂರಿಗೆ ಗುಳೆ ಹೋಗುತ್ತಾನೆ. ಅಲ್ಲಿ ಗಾರೆಕೆಲಸದ ಜಾಗದಲ್ಲಿ ತಗಡಿನ ಮನೆಯೊಳಗೆ ಇರುತ್ತಾನೆ. ಭಾನುವಾರದ ಆರಾಧನೆಯಲ್ಲಿ ಅವನ ಸ್ಥಳವೂ ಅವನ ಮಕ್ಕಳ ಶಾಲೆಯ ಸ್ಥಳವೂ ಬರಿದಾಗಿ ಉಳಿಯುತ್ತವೆ.

ಎರಡನೆಯದು ಕುಡಿಯುವ ನೀರು. ಈ ಕಡೆಯ ಅನೇಕ ಊರುಗಳು ಕಾಲುವೆಯ ನೀರನ್ನೇ ಕೆರೆಗೆ ತುಂಬಿಸಿಕೊಂಡು ಬೇಸಿಗೆಯಲ್ಲಿ ಕುಡಿಯುತ್ತವೆ. ನೆಲದೊಳಗಿನ ನೀರಿನಲ್ಲಿ ಬಹಳ ಕಡೆ ಫ್ಲೋರೈಡು ಇರುವದರಿಂದ ಬೇರೆ ದಾರಿಯೂ ಕಡಿಮೆ. ಹಾಗಿರಲಾಗಿ, ಭತ್ತಕ್ಕೆ ಔಷಧ ಹೊಡೆದ ಡಬ್ಬಿಯನ್ನು ಕಾಲುವೆಯಲ್ಲಿ ತೊಳೆಯುವವರು ಯಾರು? ಎಮ್ಮೆಗಳನ್ನು ಇಳಿಸುವವರು ಯಾರು? ದಂಡೆಯ ಮೇಲೆಯೇ ಬಹಿರ್ದೆಸೆಗೆ ಕೂಡುವವರು ಯಾರು? ಇಲ್ಲಿ ಹೊಲವಿದ್ದವರು ಹೊಲವಿಲ್ಲದವರು ಎಂಬ ಭೇದವಿಲ್ಲ. ಔಷಧದ ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಂಡವನು ಬಹುಮಟ್ಟಿಗೆ ಕೂಲಿಯವನೇ. ತೊಳೆಯೆಂದು ಹೇಳಿದವನು ಒಡೆಯ, ಕೈ ಮಾತ್ರ ಇವನದು. ಕೆಳಗಿನ ಊರಿನ ತಾಯಿ ಆ ನೀರನ್ನು ಕೊಡದಲ್ಲಿ ತುಂಬಿ ಸೀರೆಯ ಸೆರಗಿನಿಂದ ಸೋಸುವಳು. ಸೆರಗಿನಿಂದ ಕಸ ನಿಲ್ಲುವದು, ವಿಷ ನಿಲ್ಲುವದಿಲ್ಲ.

ಮೂರನೆಯದು ನಮ್ಮ ಕೇರಿಗಳು. ನಮ್ಮ ಸಭೆಯ ಜನರು ಬಹಳ ಊರುಗಳಲ್ಲಿ ತಗ್ಗಿನ ಕಡೆ ವಾಸಮಾಡುತ್ತಾರೆ. ಒಳ್ಳೆಯ ದಿಬ್ಬವನ್ನು ನಮ್ಮ ಹಿರಿಯರಿಗೆ ಯಾರು ಬಿಟ್ಟುಕೊಟ್ಟಾರು? ಊರ ಚರಂಡಿಯೂ ಹೊಲದ ಬಸಿನೀರೂ ಅಲ್ಲಿಯೇ ಬಂದು ನಿಲ್ಲುತ್ತವೆ. ನಿಂತ ನೀರಿನಲ್ಲಿಯೂ ಭತ್ತದ ಮಡಿಗಳಲ್ಲಿಯೂ ಸೊಳ್ಳೆ ಹುಟ್ಟುತ್ತದೆ. ಹಂದಿಯ ಮೈಯಿಂದ ಸೊಳ್ಳೆಯ ಮೂಲಕ ಮಕ್ಕಳಿಗೆ ಹತ್ತುವ ಮೆದುಳುಜ್ವರವು ಬಳ್ಳಾರಿ ರಾಯಚೂರು ಸೀಮೆಗೆ ಹಳೆಯ ಶತ್ರು. ಅದಕ್ಕೆ ಲಸಿಕೆ ಉಂಟು, ತಾಯಂದಿರು ಹಾಕಿಸದೆ ಬಿಡಬಾರದು. ಆದರೆ ಚರಂಡಿ ಹರಿಯದಿದ್ದರೆ ಲಸಿಕೆಯೊಂದೇ ಸಾಲದು.

ಹೀಗಿರಲು ಮಾಡತಕ್ಕದ್ದೇನು? ಪ್ರಾರ್ಥಿಸಬೇಕು, ಇದನ್ನು ಹೇಳದಿದ್ದರೂ ನೀವು ಮಾಡುವಿರಿ. ದೇವರ ವಾಕ್ಯದಲ್ಲಿ ನೀರಿನ ಜಗಳಕ್ಕೆ ಒಂದು ದೃಷ್ಟಾಂತ ಉಂಟು. ಅದು ಆದಿಕಾಂಡ 26ನೆಯ ಅಧ್ಯಾಯದಲ್ಲಿ ಇಸಾಕನ ಚರಿತ್ರೆ. ಅವನ ತಂದೆಯಾದ ಅಬ್ರಹಾಮನು ತೋಡಿಸಿದ ಬಾವಿಗಳಿಗೆ ಫಿಲಿಷ್ಟಿಯರು ಮಣ್ಣು ತುಂಬಿ ಮುಚ್ಚಿಬಿಟ್ಟಿದ್ದರು. ಯೋಚಿಸಿರಿ, ನೀರನ್ನು ಅವರು ತಮಗೂ ಇಟ್ಟುಕೊಳ್ಳಲಿಲ್ಲ. ಇವನಿಗೆ ಸಿಕ್ಕಬಾರದೆಂದು ಮುಚ್ಚಿದರು. ಹೊಟ್ಟೇಕಿಚ್ಚಿನ ಗುಣವೇ ಅದು. ಇಸಾಕನು ಅವನ್ನು ತಿರಿಗಿ ತೋಡಿದನು, ತಂದೆಯಿಟ್ಟ ಹೆಸರುಗಳನ್ನೇ ಇಟ್ಟನು. ಹೊಸ ಬಾವಿ ತೋಡಿದನು, ಗೆರಾರಿನ ಕುರಿಕಾಯುವವರು ಬಂದು ಜಗಳಾಡಿದರು. ಇನ್ನೊಂದು ತೋಡಿದನು, ಅದಕ್ಕೂ ಜಗಳ. ಮೂರನೆಯದಕ್ಕೆ ಯಾರೂ ಬರಲಿಲ್ಲ; ಅದಕ್ಕೆ ಅವನು ರೆಹೋಬೋತ್ ಎಂದು ಹೆಸರಿಟ್ಟನು; ಸ್ಥಳವಾಯಿತು, ಎಲ್ಲರಿಗೂ ಜಾಗ ಉಂಟು ಎಂಬದೇ ಅದರ ಅರ್ಥ. ಆಮೇಲೆ ಹಗೆಗಳೇ ಬಂದು ಅವನೊಡನೆ ಊಟಮಾಡಿ ಒಪ್ಪಂದ ಮಾಡಿಕೊಂಡರು. ಇಸಾಕನು ಅಂಜುಬುರುಕನೆಂದು ಹೇಳುವವರಿದ್ದಾರೆ. ನಮಗೆ ಹಾಗೆ ತೋರುವದಿಲ್ಲ. ಹೆದರಿದವನು ಒಂದು ಬಾವಿಗೇ ಕೈಬಿಡುತ್ತಿದ್ದನು. ಮೂರು ಬಾವಿ ತೋಡುವ ತೋಳು ಹೇಡಿಯದಲ್ಲ.

ಮುಚ್ಚಿದ ಬಾವಿಯನ್ನು ತಿರಿಗಿ ತೋಡುವ ಕೆಲಸ ನಮ್ಮ ನೆರೆಯಲ್ಲಿಯೂ ನಡೆದಿದೆ. ಅದನ್ನು ಮಾಡಿದವರು ನಮ್ಮ ಮತದವರಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಮುಂದಾಳಾಗಿ, ಹಿರೇಹಳ್ಳವೆಂಬ ಹಳ್ಳವನ್ನು 20 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಜಾಲಿ, ಆಪು, ಹೂಳುಗಳಿಂದ ಬಿಡಿಸಿದರು. ಸುತ್ತಲಿನ ಊರುಗಳವರು ಯಂತ್ರ ಕೊಟ್ಟರು, ಹಣ ಕೊಟ್ಟರು, ಮೈದುಡಿಮೆ ಕೊಟ್ಟರು. ಸ್ವಾಮಿಗಳು ತಾವೇ ಹಳ್ಳದಲ್ಲಿ ಇಳಿದು ಕೆಲಸಮಾಡಿದ್ದನ್ನು ಜನರು ನೋಡಿದರು. ಗಾಯಪಟ್ಟು ಬಿದ್ದವನ ಹತ್ತಿರ ನಿಂತವನು ಸಮಾರ್ಯದವನೆಂದು ನಮ್ಮ ಕರ್ತನು ಹೇಳಿದಾಗ, ಕೇಳಿದವರಿಗೆ ಮುಖ ಸಪ್ಪಗಾಗಿರಬೇಕು. ನಾವಾದರೋ ಈ ಕೆಲಸಕ್ಕಾಗಿ ದೇವರನ್ನು ಸ್ತುತಿಸೋಣ. ಹಾಗೆಯೇ ನಮ್ಮ ಊರಿನ ಹಳ್ಳಕ್ಕೆ ಯಾರಾದರೂ ಗುದ್ದಲಿ ಹಿಡಿದು ಹೊರಟರೆ, ಅವರು ಯಾವ ದೇವರಿಗೆ ಕೈಮುಗಿಯುವರೆಂದು ಕೇಳುತ್ತಾ ನಿಲ್ಲದೆ ಬುಟ್ಟಿ ಹಿಡಿದು ಜೊತೆಗೆ ಹೋಗೋಣ. ಸಿಂಧನೂರಿನ ಕಾಲುವೆಯಿಂದ ಕನ್ನಡದವರೂ, ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗಿನವರೂ, ಪೂರ್ವಬಂಗಾಳದಿಂದ ನಿರಾಶ್ರಿತರಾಗಿ ಬಂದವರೂ ಕುಡಿಯುತ್ತಾರೆ. ನೀರು ಯಾರ ಭಾಷೆಯನ್ನೂ ಕೇಳುವದಿಲ್ಲ.

ಕೆಲಸವನ್ನು ಹೇಗೆ ಹಂಚಿಕೊಳ್ಳಬೇಕೆಂಬದಕ್ಕೆ ನೆಹೆಮೀಯನ 3ನೆಯ ಅಧ್ಯಾಯವನ್ನು ಓದಿರಿ. ಬರೀ ಹೆಸರುಗಳ ಪಟ್ಟಿಯೆಂದು ಅದನ್ನು ದಾಟಿಹೋಗುವವರು ಬಹಳ. ಆದರೆ ಆ ಪಟ್ಟಿಯಲ್ಲಿ ಅಕ್ಕಸಾಲಿಗನಿದ್ದಾನೆ, ಸುಗಂಧ ಮಾರುವವನಿದ್ದಾನೆ, ತನ್ನ ಹೆಣ್ಣುಮಕ್ಕಳನ್ನು ಕರಕೊಂಡು ಗೋಡೆ ಕಟ್ಟಿದ ಅಧಿಕಾರಿಯಿದ್ದಾನೆ. ಹಲವರು ತಮ್ಮ ತಮ್ಮ ಮನೆಯ ಎದುರಿನ ಪಾಲನ್ನೇ ಕಟ್ಟಿದರು. ತೆಕೋವ ಊರಿನ ಸಾಮಾನ್ಯರು ದುಡಿದರು, ಅವರ ಶ್ರೀಮಂತರು ಮಾತ್ರ ಕೆಲಸಕ್ಕೆ ಹೆಗಲು ಕೊಡಲಿಲ್ಲವೆಂದೂ ಬರೆದಿದೆ. ಎರಡೂವರೆ ಸಾವಿರ ವರ್ಷಗಳ ಹಿಂದೆ ಹಾಜರಿ ತಪ್ಪಿಸಿದವರ ಲೆಕ್ಕ ಇಂದಿಗೂ ಅಳಿಯಲಿಲ್ಲ! 5ನೆಯ ಅಧ್ಯಾಯದಲ್ಲಿ ನೆಹೆಮೀಯನು ಗೋಡೆಯ ಕೆಲಸವನ್ನು ಬದಿಗಿಟ್ಟು ಸಾಲದ ಮಾತಿಗೆ ಬರುತ್ತಾನೆ. ಹೊಲವನ್ನೂ ಮಕ್ಕಳನ್ನೂ ಒತ್ತೆಯಿಟ್ಟವರ ಕೂಗು ಕೇಳಿ, ಸಾಲಗಾರರಿಗೆ ಅವರ ಹೊಲಗಳನ್ನು ತಿರಿಗಿ ಕೊಡಿಸುತ್ತಾನೆ. ಗುಂಪುಸಾಲದ ಕಂತು ಕಟ್ಟಲಾರದೆ ಊರು ಬಿಟ್ಟ ಹೆಂಗಸರ ಸುದ್ದಿಯನ್ನು ನಾವು ಕೇಳಿದ್ದೇವೆ. ಸಾಲಕ್ಕಾಗಿ ಮನೆಬಾಗಿಲಲ್ಲಿ ಹಿಂಸೆಪಡಿಸುವದನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಸುಗ್ರೀವಾಜ್ಞೆ ತಂದಿತೆಂಬದು ಪ್ರತಿಯೊಂದು ಕೇರಿಗೂ ತಿಳಿದಿರಲಿ.

ಇನ್ನು ನಮ್ಮ ಕೈಯಲ್ಲಿರುವದು. 2000ನೆಯ ವರ್ಷದ ಕಾಯಿದೆಯ ತಿದ್ದುಪಡಿಯಿಂದ ಕಾಲುವೆಯ ಕೆಳಗಿನ ಹೊಲದವರು ನೀರು ಬಳಕೆದಾರರ ಸಹಕಾರ ಸಂಘಗಳನ್ನು ಕಟ್ಟಿ, ಪಾಳಿಯನ್ನು ತಾವೇ ಗೊತ್ತುಮಾಡಿ, ಹೊಲಗಾಲುವೆಯನ್ನು ತಾವೇ ಸರಿಪಡಿಸಿಕೊಳ್ಳಬಹುದು. ನಮ್ಮವರಲ್ಲಿ ಒಂದು ಎಕರೆ ಇದ್ದವನೂ ಅದರ ಸದಸ್ಯನಾಗಬಹುದು. ಆಗಿ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಬರಬಾರದು. ಹೊಲವಿಲ್ಲದವರಿಗೆ ಆ ಸಂಘದಲ್ಲಿ ಸ್ಥಳವಿಲ್ಲ. ಆದರೆ ಗ್ರಾಮಸಭೆಯಲ್ಲಿ ಊರಿನ ಮತದಾರರೆಲ್ಲರಿಗೂ ಸ್ಥಳವುಂಟು. ಕೇರಿಯ ಚರಂಡಿಯೂ ಬಸಿಗಾಲುವೆಯೂ ಹಳ್ಳದ ಹೂಳೂ ಕೆಲಸದ ಪಟ್ಟಿಗೆ ಬರುವದು ಅಲ್ಲಿಯೇ. 2005ರ ಉದ್ಯೋಗ ಖಾತರಿ ಕಾಯಿದೆಯು 2006ರಲ್ಲಿ ಮೊದಲು ಜಾರಿಯಾದ 200 ಜಿಲ್ಲೆಗಳಲ್ಲಿ ರಾಯಚೂರು ಒಂದು. ಅದರ ಕೆಳಗೆ ನಮ್ಮ ಹೆಂಗಸರು ಕೆರೆ ಹೂಳೆತ್ತಿ ಗಂಡಸರ ಸಮಾನ ಕೂಲಿ ಪಡೆದರು. 2025ರ ಡಿಸೆಂಬರದಲ್ಲಿ ಸಂಸತ್ತು ಅದರ ಬದಲಿಗೆ 125 ದಿನಗಳ ಕೆಲಸದ ಹೊಸ ಕಾಯಿದೆಯನ್ನು ಮಾಡಿತು. ಕಾಯಿದೆಯ ಹೆಸರು ಬದಲಾಯಿತು. ಅರ್ಜಿ ಬರೆದು, ಗುಂಪಾಗಿ ಹೋಗಿ, ರಸೀದಿ ಕೇಳಿ ತಕ್ಕೊಳ್ಳುವ ಅಗತ್ಯ ಬದಲಾಗಲಿಲ್ಲ. ಒಬ್ಬಳೇ ಹೋದ ವಿಧವೆಯನ್ನು ನಾಳೆ ಬಾ ಎನ್ನುವವರು ಮೂವತ್ತು ಜನರಿಗೆ ಕುರ್ಚಿ ಹಾಕುವರು. ಪ್ರತಿ ಸಭೆಯಲ್ಲಿ ಓದುಬರೆಹ ಬಲ್ಲ ಯುವಕರು ಈ ಅರ್ಜಿಗಳನ್ನು ಬರೆದುಕೊಡಲಿ. ನಮ್ಮ ಸಭೆಯವರಿಗೆ ಮಾತ್ರವಲ್ಲ, ಕೇಳಿಬಂದವರಿಗೆಲ್ಲ.

ಸವಳುನೆಲದ ವಿಷಯದಲ್ಲಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ದೀರ್ಘಕಾಲದಿಂದ ಪ್ರಯೋಗಗಳನ್ನು ಮಾಡಿದ್ದಾರೆ. ನೆಲದೊಳಗೆ ತೂತುಳ್ಳ ಕೊಳವೆಗಳನ್ನು ಹೂಳಿ ಉಪ್ಪುನೀರನ್ನು ಬಸಿದು ಹೊರಗೆ ಬಿಡುವದು, ಕರಲುಮಣ್ಣಿಗೆ ಜಿಪ್ಸಂ ಹಾಕುವದು, ಹಸಿರೆಲೆಯ ಗೊಬ್ಬರದ ಬೆಳೆ ಬಿತ್ತಿ ಉಳುವದು ಮುಂತಾದ ಉಪಾಯಗಳುಂಟು. ಆದರೆ ಬಸಿದ ನೀರು ಹೋಗುವದಕ್ಕೆ ಹಳ್ಳದ ದಾರಿ ತೆರೆದಿರಬೇಕು. ಒಬ್ಬನು ಸಾವಿರಾರು ರೂಪಾಯಿ ಸುರಿದು ಕೊಳವೆ ಹೂಳಿದರೂ, ಕೆಳಗಿನ ಬಸಿಗಾಲುವೆಯಲ್ಲಿ ಆಪು ಬೆಳೆದು ಮುಚ್ಚಿದ್ದರೆ ಉಪ್ಪುನೀರು ಎಲ್ಲಿಗೆ ಹೋದೀತು? ಈ ರೋಗಕ್ಕೆ ಒಬ್ಬೊಬ್ಬನ ಮನೆಯಲ್ಲಿ ಮದ್ದಿಲ್ಲ.

2024ನೆಯ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ, ಗೇಟು ಕೊಚ್ಚಿಹೋಗಿ, ಕೂಡಿಟ್ಟ ನೀರು ಹರಿದುಹೋದದ್ದು ನಿಮಗೆ ನೆನಪಿದೆ. ಆ ವಾರವೆಲ್ಲಾ, ತಾತ್ಕಾಲಿಕ ಹಲಗೆಗಳನ್ನು ಇಳಿಸಿ ನೀರು ನಿಲ್ಲಿಸುವ ವರೆಗೆ, ಮೇಲಿನವರೂ ಕೆಳಗಿನವರೂ ಒಂದೇ ಮುಖದಿಂದ ಮುನಿರಾಬಾದಿನ ಕಡೆ ನೋಡಿದರು. 2025ರಲ್ಲಿ ಎಲ್ಲಾ 33 ಗೇಟುಗಳನ್ನೂ ಹೊಸದಾಗಿ ಹಾಕುವ ಸಲುವಾಗಿ ಎರಡನೆಯ ಬೆಳೆಗೆ ನೀರು ಬಿಡುವದಿಲ್ಲವೆಂದು ತೀರ್ಮಾನವಾಯಿತು. ಎರಡನೆಯ ಬೆಳೆ ಇಲ್ಲವೆಂದರೆ ಭೂಮಿಯುಳ್ಳವನಿಗೆ ಲಾಭ ಕಡಿಮೆ. ನೆಲ್ಲು ಹಚ್ಚುವವಳಿಗೆ ಒಲೆಯೇ ಇಲ್ಲ. ಇಂಥ ತಿಂಗಳುಗಳಲ್ಲಿಯೇ ಕಾಲುವೆ ಒಣಗಿರುತ್ತದೆ, ಹೂಳು ಕಾಣುತ್ತದೆ, ಕೈಗಳೂ ಬಿಡುವಾಗಿರುತ್ತವೆ. ಕೂಲಿ ಸಿಕ್ಕುವ ಸರಕಾರದ ಕೆಲಸವೆಂದು ಅದನ್ನು ಬೇಡಿ ತೆಗೆದುಕೊಳ್ಳುವದಕ್ಕೆ ಬೇಸಿಗೆಯೇ ಕಾಲ. ಕೇರಿಯ ಚರಂಡಿಗಾದರೋ ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ. ಶನಿವಾರ ಮುಂಜಾನೆ ಬಿಸಿಲು ಏರುವದರೊಳಗೆ ಮನೆಗೊಬ್ಬರು ಬಂದರೆ ಆಗುವ ಕೆಲಸ. ಔಷಧದ ಡಬ್ಬಿಯನ್ನು ಕಾಲುವೆಯಲ್ಲಿ ತೊಳೆಯುವದಿಲ್ಲವೆಂದು ಕೂಲಿಯವರೆಲ್ಲರೂ ಒಂದೇ ಮಾತಿನಿಂದ ಒಡೆಯರಿಗೆ ಹೇಳಿದರೆ, ಕೊಡದಲ್ಲಿ ನೀರು ತಂದು ಹೊಲದ ಬದಿಯಲ್ಲಿಯೇ ತೊಳೆಯುವ ಏರ್ಪಾಟು ಒಡೆಯರೇ ಮಾಡುವರು. ಒಬ್ಬನೇ ಹೇಳಿದರೆ ಮರುದಿನ ಅವನಿಗೆ ಕೂಲಿ ಇಲ್ಲ.

ಈ ತಿಂಗಳಿನ ಮನೆಕೂಟಗಳಲ್ಲಿ ಇದನ್ನು ಓದಿಹೇಳುವ ಹಿರಿಯರು ಪ್ರಾರ್ಥನೆಗೆ ಮೊದಲು ಸಭೆಯನ್ನು ಮೂರು ಪ್ರಶ್ನೆ ಕೇಳಲಿ. ನಮ್ಮ ಕೇರಿಯ ನೀರು ಹರಿದು ಹೋಗಿ ಸೇರುವ ಹಳ್ಳ ಯಾವದು? ಅದರ ಮುಂದಿನ ಊರು ಯಾವದು? ಆ ಊರಿನಲ್ಲಿ ನೀರು ತುಂಬುವವರಲ್ಲಿ ಯಾರ ಹೆಸರನ್ನಾದರೂ ನಾವು ಬಲ್ಲೆವೋ? ಬಲ್ಲವರು ಹೆಸರು ಹೇಳಲಿ. ಆ ಹೆಸರುಗಳನ್ನೆತ್ತಿ ಪ್ರಾರ್ಥನೆ ನಡೆಯಲಿ. ಯಾರೂ ಬಲ್ಲವರಿಲ್ಲದಿದ್ದರೆ, ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಇಬ್ಬರು ಸಹೋದರರೂ ಇಬ್ಬರು ಸಹೋದರಿಯರೂ ಹಳ್ಳದ ದಂಡೆ ಹಿಡಿದು ಆ ಊರಿನ ವರೆಗೆ ನಡೆದುಹೋಗಿ ಬರಲಿ.